ಪ್ರಕಟಣೆಗೆ ಮುನ್ನವೇ ತಡೆ: ಸಂವಿಧಾನ ಪತ್ರಿಕೆಯನ್ನು ಎಷ್ಟರ ಮಟ್ಟಿಗೆ ಕಾಯುತ್ತದೆ?

ನಿವೃತ್ತ ಉಪಸಂಪಾದಕ:
ಸುದ್ದಿಯನ್ನು ಅಚ್ಚಿಗೆ ಮೊದಲೇ ಸರ್ಕಾರ ಪರಿಶೀಲಿಸಿದರೆ ತಪ್ಪೇನು ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. 1950ರ ಮಾರ್ಚ್‌ನಲ್ಲಿ ದೆಹಲಿಯ ಮುಖ್ಯ ಆಯುಕ್ತರು ‘ಆರ್ಗನೈಸರ್’ ವಾರಪತ್ರಿಕೆಗೆ ಇಂಥದ್ದೇ ಆದೇಶ ಹೊರಡಿಸಿದ್ದರು. ಕೋಮು ವಿಚಾರಗಳನ್ನೂ ಪಾಕಿಸ್ತಾನಕ್ಕೆ ಸಂಬಂಧಿಸಿದ ಸುದ್ದಿ, ಅಭಿಪ್ರಾಯ, ಛಾಯಾಚಿತ್ರ, ವ್ಯಂಗ್ಯಚಿತ್ರಗಳನ್ನೂ ಮುದ್ರಣಕ್ಕೆ ಮುನ್ನ ಎರಡೆರಡು ಪ್ರತಿಗಳಲ್ಲಿ ಪತ್ರಿಕಾ ಅಧಿಕಾರಿಗೆ ಒಪ್ಪಿಸಬೇಕಿತ್ತು; ಸರ್ಕಾರಿ ಮೂಲಗಳಿಂದ ಮತ್ತು ಹೆಸರಿಸಿದ ಸುದ್ದಿಸಂಸ್ಥೆಗಳಿಂದ ಬಂದದ್ದಕ್ಕೆ ಮಾತ್ರ ವಿನಾಯಿತಿ. ಮೇ 26ರಂದು ಸುಪ್ರೀಂ ಕೋರ್ಟ್ ಬ್ರಿಜ್ ಭೂಷಣ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ಗಣರಾಜ್ಯ ಹುಟ್ಟಿದ ವರ್ಷದಲ್ಲೇ ಇತ್ಯರ್ಥವಾದ ಪ್ರಶ್ನೆಯನ್ನು ಮತ್ತೆ ಕೆದಕುವುದು ಅಪಾಯಕಾರಿ ಎಂದು ನನ್ನ ಭಾವನೆ.

ಹೈಕೋರ್ಟ್ ವಕೀಲೆ:
ಸರ್, ತಮ್ಮ ಕಾಳಜಿ ನನ್ನದೂ ಹೌದು, ಆದರೆ ಪ್ರಶ್ನೆ ಇತ್ಯರ್ಥವಾಗಿದೆ ಎನ್ನುವುದನ್ನು ಒಪ್ಪಲಾರೆ. ವಾಕ್ ಸ್ವಾತಂತ್ರ್ಯವನ್ನು ಯಾವ ಕಾರಣಗಳಿಗೆ ನಿರ್ಬಂಧಿಸಬಹುದೆಂದು ಹೇಳುವ ಸಂವಿಧಾನದ 19(2)ನೇ ವಿಧಿಯಲ್ಲಿ ಆಗ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಾರಣವೇ ಇರಲಿಲ್ಲ. ಆದೇಶ ಬಿದ್ದುಹೋದದ್ದು ಮುಖ್ಯವಾಗಿ ಅದರಿಂದ. 1951ರ ಮೊದಲ ತಿದ್ದುಪಡಿ ಆ ಕಾರಣವನ್ನು ಸೇರಿಸಿತು, ಜೊತೆಗೆ ನಿರ್ಬಂಧವು ‘ಸಮಂಜಸ’ವಾಗಿರಬೇಕು ಎಂಬ ಷರತ್ತನ್ನೂ ಹಾಕಿತು. ಅಲ್ಲಿಂದೀಚೆಗೆ ಪತ್ರಿಕೆಗಳಿಗೆ ಉಳಿದಿರುವ ಆಸರೆ ಬಹುಮಟ್ಟಿಗೆ ಆ ಒಂದು ಷರತ್ತೇ. ವಿಯೆಟ್ನಾಂ ಯುದ್ಧದ ಕುರಿತ ರಹಸ್ಯ ಕಡತಗಳ ಪ್ರಕಟಣೆಯನ್ನು ತಡೆಯಲು ಸರ್ಕಾರ ಯತ್ನಿಸಿದ ‘ಪೆಂಟಗನ್ ದಾಖಲೆ’ಗಳ ಪ್ರಕರಣದಲ್ಲಿ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದಷ್ಟು ಗಟ್ಟಿಯಾದ ರಕ್ಷಣೆ ನಮ್ಮ ಸಂವಿಧಾನದ ಪಠ್ಯದಲ್ಲಿಲ್ಲ.

ಹಿಂದೆ ಜಿಲ್ಲಾಡಳಿತದಲ್ಲಿದ್ದವನು:
ಇರದಿರುವುದೇ ಸರಿ ಎಂದು ನಾನು ಹೇಳುತ್ತೇನೆ. ಊರಿನಲ್ಲಿ ಗಲಭೆ ಹೊತ್ತಿಕೊಂಡಿರುವಾಗ ಒಂದು ಸುಳ್ಳು ಸುದ್ದಿ ಅಚ್ಚಾದರೆ, ಆಮೇಲೆ ಸಂಪಾದಕರ ಮೇಲೆ ಮೊಕದ್ದಮೆ ಹೂಡಿ ಶಿಕ್ಷೆ ಕೊಡಿಸಿದರೂ ಸತ್ತವರು ಎದ್ದು ಬರುವುದಿಲ್ಲ. ಕೆಲವು ದಿನಗಳ ಮಟ್ಟಿಗಾದರೂ ತಡೆಯುವ ಅಧಿಕಾರ ಆಡಳಿತಕ್ಕೆ ಬೇಕು.

ಹೈಕೋರ್ಟ್ ವಕೀಲೆ:
‘ಕೆಲವು ದಿನಗಳ ಮಟ್ಟಿಗೆ’ ಎಂದಿರಲ್ಲ, 1957ರಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದೂ ಅದನ್ನೇ. ಪಂಜಾಬಿನ ಭಾಷಾ ಚಳವಳಿಯ ಕಾಲದಲ್ಲಿ ‘ಪ್ರತಾಪ್’ ಮತ್ತು ‘ವೀರ್ ಅರ್ಜುನ್’ ಪತ್ರಿಕೆಗಳ ಮೇಲೆ ನಿಷೇಧ ಬಿದ್ದಾಗ ಹುಟ್ಟಿದ ವೀರೇಂದ್ರ ಪ್ರಕರಣ ಅದು. ಆ ನಿಷೇಧಕ್ಕೆ ಆಧಾರವಾಗಿದ್ದ ಪಂಜಾಬಿನ ಕಾಯ್ದೆಯ 2ನೇ ಕಲಮಿನ ಪ್ರಕಾರ ಆದೇಶಕ್ಕೆ ಎರಡು ತಿಂಗಳ ಮಿತಿಯಿತ್ತು, ಬಾಧಿತರು ಸರ್ಕಾರಕ್ಕೆ ಮನವಿ ಸಲ್ಲಿಸಬಹುದಿತ್ತು; ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪತ್ರಿಕೆಯನ್ನು ರಾಜ್ಯದೊಳಕ್ಕೆ ತರದಂತೆ ತಡೆಯುವ 3ನೇ ಕಲಮಿನಲ್ಲಿ ಈ ಎರಡೂ ಇರಲಿಲ್ಲವಾದ್ದರಿಂದ ಅದನ್ನು ಹೊಡೆದುಹಾಕಿತು. ಮಿತಿಯೂ ಮನವಿಯೂ ಇಲ್ಲದ ಅಧಿಕಾರವನ್ನು ತಾವೂ ಕೇಳುತ್ತಿಲ್ಲವೆಂದು ನಂಬುತ್ತೇನೆ.

ನಿವೃತ್ತ ಉಪಸಂಪಾದಕ:
ಗಲಭೆ ತಡೆಯಲೆಂದು ಕೊಟ್ಟ ಅಧಿಕಾರ ಗಲಭೆಯ ಬಳಿಯೇ ನಿಲ್ಲುವುದಿಲ್ಲ ಎನ್ನುವುದಕ್ಕೆ ತುರ್ತುಪರಿಸ್ಥಿತಿಗಿಂತ ಬೇರೆ ಸಾಕ್ಷಿ ಬೇಕೆ? ಆಗ ಸೆನ್ಸಾರ್ ಅಧಿಕಾರಿ ತಡೆಹಿಡಿದ ಹನ್ನೊಂದು ಬರಹಗಳಿಗಾಗಿ ‘ಫ್ರೀಡಂ ಫಸ್ಟ್’ ಪತ್ರಿಕೆಯ ಮಿನೂ ಮಸಾನಿ ಬಾಂಬೆ ಹೈಕೋರ್ಟಿಗೆ ಹೋಗಬೇಕಾಯಿತು. ಸರ್ಕಾರವನ್ನು ಟೀಕಿಸುವ ಹಕ್ಕು ತುರ್ತುಪರಿಸ್ಥಿತಿಯಲ್ಲೂ ಅಳಿಯುವುದಿಲ್ಲ, ಸೆನ್ಸಾರ್ ಇರುವುದು ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುವಂತೆ ಮಾಡುವುದಕ್ಕಲ್ಲ ಎಂಬ ಅರ್ಥದ ತೀರ್ಪು 1976ರಲ್ಲಿ ಬಂತು. ಆ ನ್ಯಾಯಮೂರ್ತಿಗಳ ಧೈರ್ಯವನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿಬರುತ್ತದೆ.

ಸುದ್ದಿ ಡೆಸ್ಕ್‌ನಲ್ಲಿರುವವಳು:
ಹಿರಿಯರೆಲ್ಲ ಸರ್ಕಾರದ ಆದೇಶದ ಬಗ್ಗೆ ಮಾತನಾಡುತ್ತಿದ್ದೀರಿ. ನಮ್ಮ ಮೇಜಿಗೆ ಬರುವುದು ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಸಚಿವರು ಬೆಂಗಳೂರಿನ ನ್ಯಾಯಾಲಯದಿಂದ ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆದೇಶ ಪಡೆದರು. ಯಾವ ಸುದ್ದಿ ಬರಲಿದೆ ಎಂದು ಯಾರಿಗೂ ತಿಳಿಯದಿರುವಾಗಲೇ, ಬಾರದ ಸುದ್ದಿಗೆ ತಡೆ. ಮಾನನಷ್ಟದ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಯನ್ನು ಮುಂಚಿತವಾಗಿ ತಡೆಯುವಂತಿಲ್ಲ ಎಂದು 1994ರಲ್ಲಿ, ‘ನಕ್ಕೀರನ್’ ಪತ್ರಿಕೆಯ ರಾಜಗೋಪಾಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿಲ್ಲವೇ? ಹಾಗಿದ್ದರೆ ಅದೇ ಕೆಲಸ ನ್ಯಾಯಾಲಯದ ಮುದ್ರೆಯಡಿ ಹೇಗೆ ನಡೆಯುತ್ತದೆ?

ಹಿಂದೆ ಜಿಲ್ಲಾಡಳಿತದಲ್ಲಿದ್ದವನು:
ನ್ಯಾಯಾಧೀಶರು ಎರಡೂ ಕಡೆ ತೂಗಿ ಆದೇಶ ಕೊಡುತ್ತಾರೆ. ಅದನ್ನು ಸೆನ್ಸಾರ್ ಎನ್ನುವುದು ನ್ಯಾಯವಲ್ಲ. ಸಚಿವರಿಗೂ ಮಾನ, ಮನೆತನ ಇರುತ್ತವೆ.

ಸುದ್ದಿ ಡೆಸ್ಕ್‌ನಲ್ಲಿರುವವಳು:
ನಮ್ಮ ಕಡೆಯವರನ್ನು ಕೇಳದೆಯೇ ಆದೇಶವಾದರೆ ಎರಡೂ ಕಡೆ ತೂಗಿದಂತಾಯಿತೇ ಸರ್?

ಹೈಕೋರ್ಟ್ ವಕೀಲೆ:
ನೋಟಿಸ್ ಕೊಡದೆ ತಡೆಯಾಜ್ಞೆ ನೀಡುವುದಾದರೆ ಅದಕ್ಕೆ ಕಾರಣ ದಾಖಲಿಸಬೇಕು, ಅರ್ಜಿಯನ್ನು ಮೂವತ್ತು ದಿನಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ‘39ನೇ ಆದೇಶ’ ಎಂಬ ಭಾಗವೇ ಹೇಳುತ್ತದೆ. ವಿಚಾರಣೆ ನಡೆಯುವ ಮುನ್ನ ಬರಹವನ್ನು ತಡೆಯುವುದು ತೀರಾ ಅಪರೂಪದ ಸಂದರ್ಭಗಳಿಗೆ ಮೀಸಲು ಎಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಿದೆ. ನನ್ನ ಬೇಡಿಕೆ ಇಷ್ಟೇ: 1957ರಲ್ಲಿ ಪಂಜಾಬ್ ಸರ್ಕಾರಕ್ಕೆ ಹಿಡಿದ ಅಳತೆಗೋಲನ್ನೇ ಸಿವಿಲ್ ನ್ಯಾಯಾಲಯದ ಇಂಥ ಆದೇಶಗಳಿಗೂ ಹಿಡಿಯಬೇಕು, ತಡೆ ಯಾವ ದಿನಕ್ಕೆ ಕೊನೆಗೊಳ್ಳುತ್ತದೆ ಎಂಬುದು ಆದೇಶದಲ್ಲೇ ಬರೆದಿರಬೇಕು.

ಸುದ್ದಿ ಡೆಸ್ಕ್‌ನಲ್ಲಿರುವವಳು:
ಮತದಾನಕ್ಕೆ ಹತ್ತು ದಿನ ಇರುವಾಗ ಮೂವತ್ತು ದಿನಗಳ ತಡೆ ಸಿಕ್ಕರೆ ಅರ್ಜಿದಾರರಿಗೆ ಅಷ್ಟೇ ಸಾಕು, ಮೇಡಂ. ದಿನಾಂಕ ಬರೆದರೂ ಆ ಸುದ್ದಿ ಓದುಗರಿಗೆ ತಲುಪುವುದು ಮತ ಹಾಕಿ ಬಂದ ಮೇಲೆಯೇ.