15 ಇಂಚಿನ ವೂಫರ್‌ಗೆ ಓಪನ್ ಬ್ಯಾಫಲ್ ಸಾಕೇ, ಡಬ್ಬ ಬೇಕೇ?

ಹಲಗೆಕೆಲಸ:
ಹಾಲ್ 12×14 ಅಡಿ. ಕೈಯಲ್ಲಿರುವುದು ಎಮಿನೆನ್ಸ್ ಆಲ್ಫಾ 15ಎ ವೂಫರ್ (ಬೇಸ್ ನುಡಿಸುವ ಸ್ಪೀಕರ್) ಒಂದು ಜೋಡಿ, ಮೇಲಕ್ಕೆ 8 ಇಂಚಿನ ಫುಲ್‌ರೇಂಜ್ (ಉಳಿದ ಸ್ವರಗಳನ್ನೆಲ್ಲ ಒಂದೇ ಕೋನಿನಲ್ಲಿ ನುಡಿಸುವ ಸ್ಪೀಕರ್) ಒಂದು ಜೋಡಿ. ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತದ ಕಛೇರಿ. 60 ಸೆಂ.ಮೀ. ಅಗಲದ ಪ್ಲೈವುಡ್ ಹಲಗೆಗೆ (ಓಪನ್ ಬ್ಯಾಫಲ್, ಅಂದರೆ ಹಿಂಬದಿ ತೆರೆದದ್ದು) ಎರಡನ್ನೂ ಕೂರಿಸಿದರೆ ಸಾಕಾ, ಡಬ್ಬ ಮಾಡಿಸಲೇಬೇಕಾ? ಬರೀ ಹಲಗೆಯಲ್ಲಿ ಮೃದಂಗದ ತೊಪ್ಪಿ (ದಪ್ಪ ದನಿಯ ಬದಿ) ಸೊರಗುತ್ತದೆ ಅನ್ನುತ್ತಾರೆ, ನಿಜವೇ?

ನಾದತರಂಗ:
ಈ ವೂಫರ್‌ಗೆ ಡಬ್ಬ ಬೇಡವೇ ಬೇಡ ಸರ್. ಇದರ ಕ್ಯೂಟಿಎಸ್ (ಚಿಕ್ಕದಾಗಿ ಕ್ಯೂ, ಕೋನಿನ ಕಂಪನ ಎಷ್ಟು ಬೇಗ ಅಡಗುತ್ತದೆ ಅನ್ನುವ ಅಳತೆ; ಹೆಚ್ಚಿದ್ದಷ್ಟೂ ತಡ) 1.26. ಮುಚ್ಚಿದ ಡಬ್ಬದಲ್ಲಿ ಆ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ವಿಎಎಸ್ (ಕೋನಿನ ಆಸರೆಯಷ್ಟೇ ಬಿಗಿ ಕೊಡುವ ಗಾಳಿಯ ಪ್ರಮಾಣ) ಸುಮಾರು 260 ಲೀಟರ್. ಅಷ್ಟೇ ದೊಡ್ಡ ಡಬ್ಬ ಕಟ್ಟಿದರೂ 1.26 × √2, ಅಂದರೆ 1.78. ತೊಪ್ಪಿಯ ಪೆಟ್ಟು ಬಿದ್ದ ಮೇಲೂ ಗುಂಯ್ ಅನ್ನುತ್ತಲೇ ಇರುತ್ತದೆ.

ತೆರೆದ ಹಲಗೆಯಲ್ಲಿ ಅದೇ ಕ್ಯೂ ಉಪಕಾರಕ್ಕೆ ಬರುತ್ತದೆ. ಕೋನಿನ ಹಿಂದಿನ ಅಲೆ ಉಲ್ಟಾ ಫೇಸಿನಲ್ಲಿ ಅಂಚು ಬಳಸಿ ಬಂದು ಮುಂದಿನ ಅಲೆಯನ್ನು ತಿಂದುಹಾಕುತ್ತದೆ. ನಿಮ್ಮ ಹಲಗೆಯಲ್ಲಿ ನಡುವಿನಿಂದ ಅಂಚಿಗೆ 30 ಸೆಂ.ಮೀ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್; 343 ÷ (6 × 0.3) = 190 ಹರ್ಟ್ಜ್. ಅಲ್ಲಿಂದ ಕೆಳಗೆ ಆಕ್ಟೇವಿಗೆ (ಹರ್ಟ್ಜ್ ಅರ್ಧವಾದಾಗಲೆಲ್ಲ) 6 ಡಿಬಿ ಇಳಿತ: 95ಕ್ಕೆ 6, 48ಕ್ಕೆ 12. ಮೇಲೆ 570ರ ಸುತ್ತ 6 ಡಿಬಿ ಉಬ್ಬು. ವೂಫರ್ ತಾನೇ 50ರ ಹತ್ತಿರ 3 ಡಿಬಿಯಷ್ಟು ಎತ್ತಿಕೊಡುತ್ತದೆ, ಉಳಿದ 9 ಡಿಬಿಯನ್ನು ನೀವು ತುಂಬಬೇಕು. ಕ್ಯೂಟಿಎಸ್ 0.35 ಇರುವ ಪೋರ್ಟೆಡ್ (ಗಾಳಿಯ ಕೊಳವೆ ಇರುವ) ಡಬ್ಬದ ವೂಫರ್ ತಂದು ಹಲಗೆಗೆ ಹಾಕಿ "ಬೇಸ್ ಇಲ್ಲ" ಅನ್ನುವವರೇ ಹೆಚ್ಚು. ತಪ್ಪು ಹಲಗೆಯದಲ್ಲ.

ಒಂದು ಮಿತಿ ಮಾತ್ರ ಗಟ್ಟಿಯಾಗಿ ನೆನಪಿಡಿ. ಕೋನ್ ಆಚೀಚೆ 3.8 ಮಿ.ಮೀ. ಓಡಿದರೆ 40 ಹರ್ಟ್ಜ್‌ನಲ್ಲಿ, ನೆಲದ ನೆರವೂ ಸೇರಿ, 1 ಮೀಟರ್ ದೂರಕ್ಕೆ ಡಬ್ಬದಲ್ಲಾದರೆ ಲೆಕ್ಕಕ್ಕೆ ಸುಮಾರು 103 ಡಿಬಿ, ನಿಮ್ಮ ಹಲಗೆಯಲ್ಲಿ 90. ಕಛೇರಿಗೆ ಧಾರಾಳವಾಯಿತು. ಸಿನಿಮಾದ ಸ್ಫೋಟಕ್ಕೆ ಸಾಲದು. 35 ಹರ್ಟ್ಜ್‌ಗೆ ಹೈಪಾಸ್ (ಅದರ ಕೆಳಗಿನದನ್ನು ತಡೆಯುವ ಫಿಲ್ಟರ್) ಹಾಕದಿದ್ದರೆ ಕೋನಿನ ಕಾಯಿಲ್ ತಳಕ್ಕೆ ಬಡಿದು ಟಪ್ ಅನ್ನುತ್ತದೆ.

ಮೂಲೆಗೋಡೆ:
ಮೇಲಿನದೆಲ್ಲ ಸರಿ, ಆದರೆ ಜಾಗದ ಮಾತು ಬರಲಿಲ್ಲ. ಡಬ್ಬವನ್ನು ಗೋಡೆಗೆ ಹತ್ತಿಸಿದರೆ ಬೇಸ್ ಹೆಚ್ಚುತ್ತದೆ, ಹಲಗೆಯನ್ನು ಹತ್ತಿಸಿದರೆ ಸಾಯುತ್ತದೆ. ಹಿಂದಿನ ಉಲ್ಟಾ ಅಲೆ ಗೋಡೆಗೆ ಬಡಿದು ತಕ್ಷಣ ವಾಪಸು ಬರುವುದೇ ಕಾರಣ. ಕನಿಷ್ಠ 1 ಮೀಟರ್ ಬಿಡಿ. ಆಗ ಆ ಅಲೆ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬಂದು ಕಛೇರಿಗೆ ಆಳ ಕೊಡುತ್ತದೆ. ಅಷ್ಟು ಜಾಗ ಬಿಡಲು ಮನೆಯವರು ಒಪ್ಪದಿದ್ದರೆ ಈ ವೂಫರ್ ಮಾರಿ ಮುಚ್ಚಿದ ಡಬ್ಬಕ್ಕೇ ಹೋಗಿ. ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಹರ್ಟ್ಜ್) 35, ಕ್ಯೂಟಿಎಸ್ 0.4, ವಿಎಎಸ್ 50 ಲೀಟರಿನ ಯಾವುದೇ 8 ಇಂಚಿನ ವೂಫರ್ 25 ಲೀಟರಿನಲ್ಲಿ 0.69 ಕ್ಯೂ, 60 ಹರ್ಟ್ಜ್‌ಗೆ ಬಂದು ಕೂರುತ್ತದೆ.

ಹಲಗೆಯಿಂದ ಇನ್ನೊಂದು ಲಾಭ: ಪಕ್ಕಕ್ಕೆ ಶಬ್ದ ಹೋಗುವುದೇ ಕಡಿಮೆ. ಪಕ್ಕದ ಗೋಡೆಗೆ ಒಂದೂವರೆ ಅಡಿ ಇದ್ದರೂ ನಡೆಯುತ್ತದೆ.

ಹಲಗೆಕೆಲಸ:
1 ಮೀಟರ್ ಬಿಡಬಹುದು. ಡಿಎಸ್‌ಪಿ (ಡಿಜಿಟಲ್ ಆಗಿ ದನಿ ತಿದ್ದುವ ಸಾಧನ) ಇಲ್ಲ, ಆಂಪ್ ಒಂದೇ. ಆ 9 ಡಿಬಿ ತುಂಬುವುದು ಬರೀ ಕಾಯಿಲ್‌ನಲ್ಲಿ (ತಂತಿ ಸುರುಳಿ) ಆಗುತ್ತದಾ?

ನಾದತರಂಗ:
ಆಗುತ್ತದೆ. ವೂಫರ್‌ಗೆ ಸರಣಿಯಲ್ಲಿ 10 ಮಿಲಿಹೆನ್ರಿ ಕಾಯಿಲ್, ಕಬ್ಬಿಣದ ಕೋರ್ ಇರುವುದು, ತಂತಿಯ ರೋಧ 0.5 ಓಮ್ ಒಳಗೆ. ತೆಳ್ಳಗಿನ ತಂತಿಯದು ತಂದರೆ ಕ್ಯೂ ಇನ್ನೂ ಏರಿ ಬೇಸ್ ಸಡಿಲವಾಗುತ್ತದೆ. 570ರಲ್ಲಿ ಇದು 36 ಓಮ್ ಅಡ್ಡ ನಿಲ್ಲುವುದರಿಂದ ಆ ಉಬ್ಬು ಮಲಗುತ್ತದೆ. 50ರಲ್ಲಿ 3 ಓಮ್ ಅಷ್ಟೇ. ನೀವು ತುಂಬಬೇಕಾದ 9 ಡಿಬಿ ಹೀಗೆ ಮೇಲಿನದನ್ನು ತಗ್ಗಿಸಿಯೇ ಸಿಗುತ್ತದೆ. ಫುಲ್‌ರೇಂಜ್‌ಗೆ ಸರಣಿಯಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್. 8 ಓಮಿನದಾದರೆ 200 ಹರ್ಟ್ಜ್‌ನಿಂದ ಕೆಳಗಿನದು ಅದಕ್ಕೆ ತಗ್ಗುತ್ತದೆ. ಇವು ಶುರುವಿನ ಅಂಕಿಗಳು. ಕೋನ್ ತಾನಾಗಿ ಕಂಪಿಸುವ 41 ಹರ್ಟ್ಜ್ ಸುತ್ತ ವೂಫರಿನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 8 ಓಮಿನಲ್ಲಿ ನಿಲ್ಲದು, ಆದ್ದರಿಂದ ಮೈಕ್ ಇಟ್ಟು ಅಳೆದೇ ಕೊನೆ ಮಾಡಿ.

ಮೂಲೆಗೋಡೆ:
ಬಡಗಿಗೆ ಹೇಳಬೇಕಾದದ್ದು: 18 ಮಿ.ಮೀ. ಪ್ಲೈ ಎರಡು ಪದರ, ನಡುವೆ ಪೂರ್ತಿ ಅಂಟು. ವೂಫರ್ ನೆಲಕ್ಕೆ ಹತ್ತಿರ. ಫುಲ್‌ರೇಂಜ್ ನಟ್ಟನಡುವೆ ಬೇಡ, 5-6 ಸೆಂ.ಮೀ. ಪಕ್ಕಕ್ಕೆ ಸರಿಯಲಿ. ಎರಡೂ ಅಂಚು ಸಮದೂರದಲ್ಲಿದ್ದರೆ 1,100 ಹರ್ಟ್ಜ್ ಆಸುಪಾಸು ಗುಂಡಿ ಬೀಳುತ್ತದೆ. ಫುಲ್‌ರೇಂಜಿನ ತೂತಿನ ಹಿಂಬದಿ ಅಂಚನ್ನು 45 ಡಿಗ್ರಿಗೆ ಇಳಿಜಾರು ಕೆತ್ತಿಸಿ. ಇಲ್ಲದಿದ್ದರೆ 36 ಮಿ.ಮೀ. ದಪ್ಪದ ಸುರಂಗದೊಳಗೆ ಕೋನ್ ಉಸಿರಾಡಿದಂತೆ ಕಂಠ ಮುಚ್ಚಿಕೊಳ್ಳುತ್ತದೆ. ಹಿಂದೆ ಎರಡು ತ್ರಿಕೋನ ಆಸರೆ ಕೊಡಿ. ಬೆರಳಿಟ್ಟು ನೋಡಿದಾಗ ಹಲಗೆಯ ತುದಿ ಅದುರಬಾರದು.

ಹಿಂಬದಿ ತೆರೆದೇ ಇರುವುದರಿಂದ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಕೋನಿನ ಮೇಲೇ ಓಡಾಡುತ್ತದೆ. ಬಾಯಿಂದ ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗುವಂಥ ತೆಳು ಬಟ್ಟೆ ಬಿಗಿದು ಹೊಡೆಯಿರಿ, ಸಡಿಲವಿದ್ದರೆ ಅದೇ ಪಟಪಟ ಅನ್ನುತ್ತದೆ.