ಫಿನ್‌ಲೆಂಡಿನ ಸ್ನೇಹಿತರಿಗೆ ನಮ್ಮ ಸೆಕೆ ಹೇಗೆ ವಿವರಿಸೋದು?

ವಿನೋಬನಗರದ ಗುಬ್ಬಿ:
ಆನ್‌ಲೈನ್ ಚೆಸ್ ಆಡುತ್ತಾ ಫಿನ್‌ಲೆಂಡ್, ಕೆನಡಾದ ನಾಲ್ಕೈದು ಜನ ಪರಿಚಯವಾಗಿದ್ದಾರೆ. ಏಪ್ರಿಲ್‌ನಲ್ಲಿ ಒಂದು ದಿನ "ಶಿವಮೊಗ್ಗದಲ್ಲಿ ಇವತ್ತು 37 ಡಿಗ್ರಿ" ಅಂದದ್ದೇ ತಪ್ಪಾಯಿತು. ಅವತ್ತಿಂದ ಒಂದರ ಹಿಂದೊಂದು ಪ್ರಶ್ನೆ. ಎಸಿ ಇಲ್ಲದೆ ಹೇಗೆ ಮಲಗುತ್ತೀರಿ? ಅಂಥ ಸೆಕೆಯಲ್ಲಿ ಬಿಸಿ ಕಾಫಿ ಯಾಕೆ? ಬಿಸಿನೀರು ಸ್ನಾನ ಮಾಡ್ತೀರಂತೆ, ನಿಜವಾ? ವರ್ಷವಿಡೀ ಹೀಗೇನಾ? ಕಾಡು ಪಕ್ಕದಲ್ಲೇ ಇದೆಯಲ್ಲ, ಅಲ್ಲಿ ಟೆಂಟ್ ಹಾಕಿ ಮಲಗಬಾರದಾ?

ಸುಮ್ನೆ "ನಮಗೆ ಅಭ್ಯಾಸ ಆಗಿದೆ" ಅಂದುಬಿಟ್ಟೆ. ಅದು ಸುಳ್ಳು. ನಮ್ಮದು ಮೇಲಿನ ಮಹಡಿ. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ, ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸಿ ತಿರುಗಿಸಿ ಕೊಡುತ್ತದೆ. ನೀವಾದರೆ ಏನು ಹೇಳುತ್ತೀರಿ?

ಹಾಳೆಟೋಪಿ:
ಯಾವ ಮನೆಯ ಕತೆ ಬೇಕು ಅಂತ ಮೊದಲು ಅವರನ್ನೇ ಕೇಳಿ. ನಮ್ಮದು ತೀರ್ಥಹಳ್ಳಿ ಹತ್ತಿರ, ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆ ಮನೆ. ಮೇಲೆ ಹೆಂಚು, ಕೆಳಗೆ ಅಟ್ಟ. ಬಿಸಿಲು ಹೆಂಚನ್ನು ಕಾಯಿಸುತ್ತದೆ, ಆ ಬಿಸಿ ಅಟ್ಟದಲ್ಲೇ ಉಳಿದು ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಗೋಡೆ ದಪ್ಪ ಇರೋದರಿಂದ ಅದು ಕಾಯುವಷ್ಟರಲ್ಲಿ ಸಂಜೆ ಆಗಿರುತ್ತದೆ. ಮಧ್ಯಾಹ್ನ ಜಗಲಿಯಲ್ಲಿ ಬರಿ ನೆಲದ ಮೇಲೆ ಮಲಗಿದರೆ ಫ್ಯಾನ್ ನೆನಪೂ ಬರಲ್ಲ. ಆರ್‌ಸಿಸಿ ತಾರಸಿ ಹಾಗಲ್ಲ, ಹಗಲೆಲ್ಲ ಬಿಸಿಲು ಕುಡಿದು ನೀವು ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಅದೇ ನಿಮ್ಮ ಹನ್ನೊಂದು ಗಂಟೆ ಗೋಡೆ. ತಾರಸಿಗೆ ಬಿಳಿ ಸುಣ್ಣ ಬಳಿಸಿ ನೋಡಿ, ಸ್ವಲ್ಪ ವಾಸಿ.

ಇನ್ನು ಹೊತ್ತು. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಇಳಿದರೆ ಹನ್ನೊಂದಕ್ಕೆ ವಾಪಸ್, ಆಮೇಲೆ ನಾಲ್ಕರವರೆಗೆ ಯಾರಾದರೂ ಅಂಗಳದಲ್ಲಿ ಕಂಡರೆ ಅವರು ಬೆಂಗಳೂರಿನ ನೆಂಟರೇ ಸೈ.

ಬಿಸಿನೀರು ನಿಜ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಹಾಳೆ, ಒಣಗಿದ ಸೋಗೆ ಬೀಳುತ್ತಲೇ ಇರುತ್ತದೆ, ಹಂಡೆ ತಣ್ಣಗಾಗೋದೇ ಇಲ್ಲ. ತೋಟದ ಕೆಲಸ ಮಾಡಿ ಬಂದವನಿಗೆ ಮೈಕೈ ನೋವು ಹೋಗಬೇಕಲ್ಲ? ಬಿಸಿನೀರು ಹುಯ್ದುಕೊಂಡು ಹೊರಗೆ ಬಂದರೆ ಅದೇ ಗಾಳಿ ತಂಪು ಅನಿಸುತ್ತದೆ.

ಸಾಗರದ ಸೊಸೆ:
ನನ್ನ ತವರು ಬಳ್ಳಾರಿ. ಮೇ ತಿಂಗಳಲ್ಲಿ 42 ಡಿಗ್ರಿ ನೋಡಿ ಬೆಳೆದವಳು, ಸಾಗರದ 35 ನನಗೇನು ಮಹಾ ಅಂದುಕೊಂಡಿದ್ದೆ. ಮೊದಲ ಬೇಸಿಗೆಯಲ್ಲೇ ಸೋತೆ. ಬಳ್ಳಾರಿಯ ಒಣಗಾಳಿಗೆ ಬೆವರು ಬಂದದ್ದೇ ಗೊತ್ತಾಗಲ್ಲ, ಆರಿ ಹೋಗಿ ಮೈ ತಣ್ಣಗಾಗುತ್ತದೆ. ಇಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಗಾಳಿಯಲ್ಲೇ ನೀರು, ಬೆವರು ಆರೋದಕ್ಕೆ ಜಾಗವೇ ಇಲ್ಲ. ತವರಿಂದ ತಂದ ಮಣ್ಣಿನ ಹೂಜಿಗೂ ಇದೇ ಗತಿ. ಅಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು, ಇಲ್ಲಿ ಹೂಜಿ ಹೊರಗೆಲ್ಲ ಒದ್ದೆ, ಒಳಗೆ ನೀರು ಅಷ್ಟಕ್ಕಷ್ಟೆ. ಹಾಗಾಗಿ ಡಿಗ್ರಿ ಹೇಳಿ ಸುಮ್ಮನಾಗಬೇಡಿ, ಬೆವರು ಆರುತ್ತಾ ಇಲ್ವಾ ಅಂತಲೂ ಹೇಳಿ.

ಮತ್ತೆ ಊಟ. ಒಂದೆಲಗ ಹಸಿಯಾಗಿಯೇ ಕಾಯಿತುರಿ ಜೊತೆ ರುಬ್ಬಿ, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು ಸೇರಿಸಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಒಲೆಯ ಮುಂದೆ ಎರಡು ನಿಮಿಷ ನಿಂತರೆ ಸಾಕು, ಅಡುಗೆ ಮಾಡುವವರಿಗೆ ಅದೇ ದೊಡ್ಡ ತಂಪು! ಮುರುಗಲ ಹಣ್ಣಿನ ಪಾನಕ ಇದೆ. ಮಾವಿನಕಾಯಿಯ ಅಪ್ಪೆಹುಳಿ ಅಂತೂ ನನ್ನ ಅತ್ತೆ ಲೋಟದಲ್ಲೇ ಕೊಡುತ್ತಾರೆ, ಊಟದ ಕೊನೆಗೆ ಕುಡಿದರೆ ಕಣ್ಣು ತಾನಾಗಿ ಎಳೆಯುತ್ತದೆ.

ಕಾಫಿಗೂ ಸೆಕೆಗೂ ಸಂಬಂಧ ಇಲ್ಲ ಕಣ್ರೀ. ನಾಲ್ಕು ಗಂಟೆ ಆಯಿತು, ಕಾಫಿ. ಜಗತ್ತಿನಲ್ಲಿ ತಲೆಗೆ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಫಿನ್‌ಲೆಂಡಿನವರೇ ಇದ್ದಾರೆ. ಸೌನಾ ಅಂತ 80 ಡಿಗ್ರಿ ಬಿಸಿಕೋಣೆಯಲ್ಲಿ ಹೋಗಿ ಕೂರುವವರು ನಮ್ಮ ಹಂಡೆ ಬಗ್ಗೆ ಕೇಳ್ತಾರಲ್ಲ!

ಇಂಬಳ:
"ವರ್ಷವಿಡೀ ಹೀಗೇನಾ" ಅನ್ನೋದು ಓದಿ ನಗು ಬಂತು. ನಾನು ಆಗುಂಬೆ ಕಡೆಯವನು. ಹೆಲ್ಸಿಂಕಿಯಲ್ಲಿ ವರ್ಷಕ್ಕೆ ಬೀಳೋದು ಸುಮಾರು 650 ಮಿಲಿಮೀಟರ್ ಮಳೆ, ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಮೂರು ಪಟ್ಟು ಮೀರಿ ಸುರಿಯುತ್ತದೆ. ಆಗ ನಮ್ಮ ಚಿಂತೆ ಬಟ್ಟೆ ಒಣಗೋದು. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಕಾಲೇಜಿಗೆ ಹೊಗೆ ವಾಸನೆಯ ಅಂಗಿ ಹಾಕಿಕೊಂಡು ಹೋದವನು ನಾನು. ಚಳಿಗಾಲದಲ್ಲಿ ಬೆಳಿಗ್ಗೆ 15 ಡಿಗ್ರಿ ಆದರೆ ಮಫ್ಲರ್ ಸುತ್ತಿಕೊಂಡು ಬೆಂಕಿ ಕಾಯಿಸುತ್ತೇವೆ. ಇದನ್ನು ಕೆನಡಾದವರಿಗೆ ಹೇಳಬೇಡಿ, ಮರ್ಯಾದೆ ಪ್ರಶ್ನೆ.

ಟೆಂಟ್ ವಿಷಯ ಮಾತ್ರ ತಮಾಷೆ ಮಾಡದೆ ಉತ್ತರಿಸಿ. ಬೇಸಿಗೆಯಲ್ಲಿ ಕಾಡಿನ ದರಗಿನ (ಉದುರಿದ ಒಣ ಎಲೆ) ಮೇಲೆ ಸುಮ್ಮನೆ ಕೂರೋದೂ ಇಲ್ಲ ನಾವು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣಿ ಕಚ್ಚಿ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಡಿಗೆ ಹೋಗಲೇಬೇಕಾದವರು ಕೈಕಾಲಿಗೆ ಉಣ್ಣಿ ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ. ಹಂಡೆಗೆ ಇನ್ನೊಂದು ಕಾರಣ ಸಿಕ್ಕಿತು ನೋಡಿ.

ವಿನೋಬನಗರದ ಗುಬ್ಬಿ:
ಎಲ್ಲರದ್ದೂ ಸೇರಿಸಿ ಕಳಿಸಿದೆ. ಫಿನ್‌ಲೆಂಡಿನವಳು ಮನೆ ವಿಷಯಕ್ಕೆ ತಕ್ಷಣ ಬರೆದಳು. ಅವರ ಮನೆಗಳೆಲ್ಲ ಬಿಸಿ ಹೊರಗೆ ಹೋಗದ ಹಾಗೆ ಕಟ್ಟಿದ್ದಂತೆ, ಜುಲೈನಲ್ಲಿ 30 ಡಿಗ್ರಿ ಆದ ವಾರ ಅವಳೂ ನನ್ನ ಹಾಗೇ ರಾತ್ರಿಯೆಲ್ಲ ಹೊರಳಾಡುತ್ತಾಳಂತೆ. ಕೆನಡಾದವನಿಗೆ ಹಂಡೆಯ ಫೋಟೊ ಬೇಕಂತೆ, ಹಾಳೆಟೋಪಿಯವರೇ ಒಂದು ಕಳಿಸಿ. ಸಾಗರದ ಸೊಸೆಯವರಿಗೆ ಒಂದು ಪ್ರಶ್ನೆ: ಅಲ್ಲಿ ಒಂದೆಲಗ ಸಿಗಲ್ಲ, ತಂಬುಳಿಗೆ ಪಾಲಕ್ ನಡೆಯುತ್ತಾ?

ಸಾಗರದ ಸೊಸೆ:
ನಡೆಯುತ್ತೆ. ಆದರೆ ಹಸಿ ಬೇಡ, ತುಪ್ಪದಲ್ಲಿ ಬಾಡಿಸಿಕೊಳ್ಳಲಿ. ಮಜ್ಜಿಗೆ ಹುಳಿ ಬಂದಿರಬಾರದು. ಆಮೇಲೆ ಅದನ್ನು ಬಿಸಿ ಮಾಡಬಾರದು ಅಂತ ಒತ್ತಿ ಹೇಳಿ, ಅವರು ಸೂಪ್ ಅಂದುಕೊಂಡು ಕುದಿಸಿಬಿಟ್ಟಾರು.