ಆನೆ ಫೋಟೋ ಚಿಕ್ಕಮಗಳೂರಿನದಲ್ಲ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಿ ಮಾಡಿ ಬೆರಳು ನೋಯುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಈಗಲೇ ಹೇಳಿದ್ದೇನೆ. ತರಕಾರಿ ಹೆಚ್ಚುತ್ತಾ ಕೇಳಿ.

ಬೆಳಗ್ಗೆ ನಮ್ಮ ಮನೆಯವರ ಈ ಗ್ರೂಪಿಗೆ ಪುಟ್ಟ ಒಂದು ಫಾರ್ವರ್ಡ್ ಹಾಕಿದ್ದಾನೆ. ಇಂದಿರಾ ಗಾಂಧಿ ಆನೆ ಮೇಲೆ ಕೂತ ಫೋಟೋ, ಕೆಳಗೆ '1978ರ ಚಿಕ್ಕಮಗಳೂರು ಪ್ರಚಾರ, ಹುಲಿಯಂಥ ಹೆಣ್ಣು' ಅಂತ. ಅದಕ್ಕೆ ಬೆಂಗಳೂರಿನ ಭಾವ 'ಸರ್ವಾಧಿಕಾರಿ' ಅಂತ ಒಂದೇ ಪದ ಹಾಕಿದರು. ಆಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಮೆಸೇಜು. ಕೊನೆಗೆ ಯಾರೋ 'ಅತ್ತೆ ಆಗ ಅಲ್ಲೇ ಇದ್ದರಲ್ಲ, ಅವರೇ ಹೇಳಲಿ' ಅಂದಿರಿ. ಸರಿ, ಹೇಳುತ್ತೇನೆ.

ಮೊದಲು ಆ ಫೋಟೋ. ಆನೆ ಬಿಹಾರದ್ದು. 1977ರ ಚುನಾವಣೆಯಲ್ಲಿ ಅವರೂ ಸೋತು, ಪಕ್ಷವೂ ಸೋತು, ಇನ್ನು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಬೆಲ್ಚಿ ಅನ್ನುವ ಹಳ್ಳಿಯಲ್ಲಿ ದಲಿತರ ಹತ್ಯೆ ಆಗಿತ್ತು. ಆಗಸ್ಟ್ ತಿಂಗಳು, ದಾರಿಯೆಲ್ಲ ಕೆಸರು. ಜೀಪು ಹೂತುಹೋಯಿತು, ಟ್ರ್ಯಾಕ್ಟರ್ ಕೂಡ ಆಗಲಿಲ್ಲ, ಆನೆ ಹತ್ತಿ ಹೋದರು. ಅವರು ಮತ್ತೆ ಎದ್ದಿದ್ದು ಅಲ್ಲಿಂದ. ನಮ್ಮ ಕಡೆ ಬಂದಾಗ ಆನೆ ಇರಲಿಲ್ಲ, ಕಾರಲ್ಲೇ ಬಂದರು.

ಅದು 1978, ನಾನಾಗ ಆರನೇ ಕ್ಲಾಸು. ನಮ್ಮ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಗೆದ್ದಿದ್ದ ಸೀಟು ಬಿಟ್ಟುಕೊಟ್ಟರು, ಇಂದಿರಾ ಬಂದು ನಿಂತರು. ಯಾಕೆ ಇಲ್ಲೇ ಅಂದರೆ, 1977ರಲ್ಲಿ ಉತ್ತರದಲ್ಲೆಲ್ಲ ಕಾಂಗ್ರೆಸ್ ಗುಡಿಸಿಹೋದಾಗಲೂ ಕರ್ನಾಟಕದಲ್ಲಿ 28ಕ್ಕೆ 26 ಸೀಟು ಬಂದಿತ್ತು. ದೇವರಾಜ ಅರಸು ಮುಖ್ಯಮಂತ್ರಿ. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು, ಅವರ ಪರ ಜಾರ್ಜ್ ಫರ್ನಾಂಡಿಸ್ ಬಂದು ಭಾಷಣ ಮಾಡುತ್ತಿದ್ದರು. ಇಡೀ ದೇಶದ ಪೇಪರಿನವರು ನಮ್ಮ ಊರುಗಳ ಹೆಸರು ಬರೆಯೋದು ಕಲಿತರು.

ಆ ಎರಡು ವಾರ ಮಕ್ಕಳಿಗೆ ಜಾತ್ರೆ. 'ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರು ಚಿಕ್ಕಮಗಳೂರು' ಅಂತ ಜೀಪಿನ ಹಿಂದೆ ಓಡುತ್ತಿದ್ದೆವು. ಹಿಂದಿ ಯಾರಿಗೆ ಬರುತ್ತಿತ್ತು? ಲಂಗೂರ್ ಅಂದರೇನು ಅಂತ ಅಪ್ಪನನ್ನು ಕೇಳಿದೆ. ಮುಸಿಯ ಅಂದರು. ಅಂದರೆ ಇಂದಿರಾ ಒಂದು ಹೆಣ್ಣು ಸಿಂಹ, ಎದುರಿನವರು ನೂರು ಮುಸಿಯ ಅಂತ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ 'ಹಾಗಾದ್ರೆ ಸರೀನೇ, ತೋಟ ಹಾಳು ಮಾಡೋವು ಅವೇ' ಅಂದಳು. ಅಪ್ಪನಿಗೆ ಸಿಟ್ಟು ಬಂತು. ಯಾಕೆ ಅಂದರೆ ಅಪ್ಪ ಇಂದಿರಾ ವಿರೋಧಿ, ಅಜ್ಜಿ ಇಂದಿರಮ್ಮನ ಭಕ್ತೆ. ಇಬ್ಬರೂ ಒಂದೇ ಮನೆಯಲ್ಲಿ.

ನೀವು ಗ್ರೂಪಿನಲ್ಲಿ ಆಡುತ್ತಿರುವ ಜಗಳ ನಮ್ಮ ಮನೆಯಲ್ಲಿ ದಿನಾ ಆಗುತ್ತಿತ್ತು, ಆದರೆ ಮಾತೇ ಇಲ್ಲದೆ. ಅಜ್ಜಿ ಹಳೇ ಕ್ಯಾಲೆಂಡರಿನಿಂದ ಇಂದಿರಾ ಚಿತ್ರ ಕತ್ತರಿಸಿ ಕಟ್ಟು ಹಾಕಿಸಿದ್ದಳು. ಹೊರನಾಡು ಅನ್ನಪೂರ್ಣೇಶ್ವರಿ ಪಕ್ಕದಲ್ಲೇ ಮೊಳೆ. ಅಪ್ಪ ಸ್ಕೂಲಿಗೆ ಹೋಗುವ ಮುಂಚೆ ಆ ಚಿತ್ರವನ್ನು ಗೋಡೆ ಕಡೆ ತಿರುಗಿಸಿ ಹೋಗುತ್ತಿದ್ದರು. ಅಜ್ಜಿ ದೀಪ ಹಚ್ಚುವಾಗ ಮತ್ತೆ ಈಚೆ ತಿರುಗಿಸುತ್ತಿದ್ದಳು. ಒಂದು ದಿನವೂ ಒಬ್ಬರು ಇನ್ನೊಬ್ಬರಿಗೆ ಯಾಕೆ ಅಂತ ಕೇಳಿದ್ದು ನನಗೆ ನೆನಪಿಲ್ಲ. ಆ ಕಟ್ಟಿನ ದಾರ ಮಾತ್ರ ತಿರುಚಿ ತಿರುಚಿ ವರ್ಷಕ್ಕೊಂದು ಹರಿಯುತ್ತಿತ್ತು.

ಅಪ್ಪನ ಕಾರಣ ಸಣ್ಣದಲ್ಲ. ಅವರ ಜೊತೆ ಪಾಠ ಮಾಡುತ್ತಿದ್ದ ಮೇಷ್ಟ್ರು ಒಬ್ಬರನ್ನು ಇಂದಿರಾ ಹೇರಿದ್ದ ತುರ್ತು ಪರಿಸ್ಥಿತಿಯಲ್ಲಿ ರಾತ್ರೋರಾತ್ರಿ ಕರೆದುಕೊಂಡು ಹೋದರು. ಹತ್ತು ತಿಂಗಳು ಜೈಲು. ಅವರ ಹೆಂಡತಿ ಸೇರು ಅಕ್ಕಿ ಕೇಳಿಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತಿದ್ದದ್ದು ನಾನೇ ನೋಡಿದ್ದೇನೆ. ಮುಂದಿನ ಬಾಗಿಲಿಗೆ ಬಂದರೆ ನಮಗೆ ತೊಂದರೆ ಆದೀತು ಅಂತ. ಬೆಂಗಳೂರಿನಲ್ಲಿ ನಟಿ ಸ್ನೇಹಲತಾ ರೆಡ್ಡಿ, ಅಸ್ತಮಾ ಇದ್ದವರು, ಜೈಲಿನಿಂದ ಹೊರಗೆ ಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಭಾವ, ನೀವು ಹಾಕಿದ ಪದ ತಪ್ಪು ಅಂತ ನಾನು ಹೇಳೋದಿಲ್ಲ.

ಅಜ್ಜಿಯ ಕಾರಣ ಟ್ರಂಕಿನಲ್ಲಿತ್ತು. ಎರಡು ಎಕರೆ ಗದ್ದೆ ಗೇಣಿಗೆ ಮಾಡುತ್ತಿದ್ದೆವು. ಕೊಯ್ಲಾದ ತಕ್ಷಣ ಧಣಿಗೆ ಅಳೆದು ಕೊಟ್ಟರೆ ಉಳಿಯೋದು ಆರು ತಿಂಗಳ ಊಟ. 1974ರ ಭೂ ಸುಧಾರಣೆ ಕಾನೂನು ಬಂದ ಮೇಲೆ ಗೇಣಿದಾರರು ಭೂಮಿ ಕೇಳುವ ಫಾರಂ 7 ಅರ್ಜಿ ತುಂಬಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ಗದ್ದೆ ಅಜ್ಜಿ ಹೆಸರಿಗೆ ಆಯಿತು. ಫಾರಂ ತುಂಬಿದ್ದು ಯಾರು ಹೇಳಿ? ಅಪ್ಪನೇ. ಅಜ್ಜಿಗೆ ಮಾತ್ರ ಅದು 'ಇಂದಿರಮ್ಮ ಕೊಟ್ಟ ಗದ್ದೆ'. ಅಪ್ಪ 'ಅಮ್ಮಾ, ಕೊಟ್ಟಿದ್ದು ಅರಸು' ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹಾಗೆ ನೋಡಿದರೆ ಮೇಷ್ಟ್ರು ಜೈಲಿಗೆ ಹೋದದ್ದೂ ಅರಸು ಸರ್ಕಾರ ಇದ್ದಾಗಲೇ ಅಲ್ವಾ. ಅದನ್ನು ಅಪ್ಪ ಬೇಗ ಮರೆಯುತ್ತಿದ್ದರು.

ಒಂದು ನಿಮಿಷ, ಕುಕ್ಕರ್ ಕೂಗುತ್ತಿದೆ.

ಹಾಂ. ಅವರು ಬಂದ ದಿನ. ರಸ್ತೆ ಬದಿ ಮೂರು ಗಂಟೆ ನಿಂತೆವು. ತೋಟದ ಆಳುಗಳೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದಿದ್ದರು. ಕಾರು ಬಂತು, ಸ್ವಲ್ಪ ನಿಧಾನ ಆಯಿತು. ತಲೆ ಮೇಲೆ ಸೆರಗು, ಮುಂದೆ ಆ ಬಿಳಿ ಕೂದಲು, ಕಿಟಕಿಯಿಂದ ಆಚೆ ಒಂದು ಕೈ. ಅಷ್ಟೇ. ಹತ್ತು ಸೆಕೆಂಡು ಇರಲಿಕ್ಕಿಲ್ಲ. ಪಕ್ಷದ ಗುರುತೂ ಆಗಷ್ಟೇ ಕೈ ಆಗಿತ್ತು. ಅಜ್ಜಿಗೆ ಪಕ್ಷದ ಹಳೇ ಗುರುತು ಜೋಡೆತ್ತು ಗೊತ್ತಿತ್ತು, ಹಸು-ಕರು ಗೊತ್ತಿತ್ತು, ಇದು ಹೊಸದು. 'ತಾನೇ ಬಂದು ಗುರುತು ತೋರಿಸಿ ಹೋದಳು' ಅಂತ ಖುಷಿಯೋ ಖುಷಿ.

77 ಸಾವಿರಕ್ಕೂ ಜಾಸ್ತಿ ಮತದಲ್ಲಿ ಗೆದ್ದರು. ನವೆಂಬರ್‌ನಲ್ಲಿ ಗೆಲುವು, ಡಿಸೆಂಬರ್ 19ಕ್ಕೆ ಲೋಕಸಭೆಯಿಂದ ಹೊರಗೆ. ಹಿಂದೆ ಮಗ ಸಂಜಯ್‌ನ ಮಾರುತಿ ಕಂಪನಿ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಅಂತ ಹಕ್ಕುಚ್ಯುತಿ, ಅಂದರೆ ಸಂಸತ್ತಿನ ಹಕ್ಕಿಗೆ ಧಕ್ಕೆ ತಂದ ಆರೋಪ. ತಿಹಾರ್ ಜೈಲಿಗೆ ಕಳಿಸಿದರು. ಮರುದಿನ ಇಬ್ಬರು ಹುಡುಗರು ಆಟದ ಪಿಸ್ತೂಲು ಹಿಡಿದು ವಿಮಾನ ಅಪಹರಿಸಿ ಅವರನ್ನು ಬಿಡಿ ಅಂದರು. ಆಮೇಲೆ ಅವರಿಬ್ಬರೂ ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ ಶಾಸಕರಾದರು. ಸುಳ್ಳಲ್ಲ, ಪುಟ್ಟ. ಇಂಥದ್ದು ನಿನ್ನ ಫಾರ್ವರ್ಡಿನಲ್ಲಿ ಬರೋದಿಲ್ಲ.

ಜನತಾದವರು ಅವರನ್ನು ಸುಮ್ನೆ ಬಿಟ್ಟಿದ್ದರೆ ಏನಾಗುತ್ತಿತ್ತೋ. 1977ರ ಅಕ್ಟೋಬರ್‌ನಲ್ಲಿ ಬಂಧಿಸಿ ಮರುದಿನವೇ ಬಿಡಬೇಕಾಯಿತು. 1978ರಲ್ಲಿ ತಿಹಾರ್ ಜೈಲಿಗೆ ಹಾಕಿದ್ದೂ ಒಂದು ವಾರ. ಬೇರೆಯವರನ್ನು ಜೈಲಿಗೆ ಹಾಕಿದ್ದ ಇಂದಿರಾರನ್ನೇ ಜನ ಜೈಲಿಗೆ ಹೋಗಿ ಬಂದ ಪಾಪದವರಾಗಿ ನೋಡುವಂತೆ ಮಾಡಿದ್ದು ಈ ಜನತಾದವರೇ. ಇದು ಅಪ್ಪನೇ ಹೇಳುತ್ತಿದ್ದ ಮಾತು, ಹಲ್ಲು ಕಚ್ಚಿಕೊಂಡು.

ನಾನು ಬಹಳ ವರ್ಷ ಅಂದುಕೊಂಡಿದ್ದೆ, ಚಿಕ್ಕಮಗಳೂರಿನಲ್ಲಿ ಬಿದ್ದದ್ದು ಅರಸು ಓಟು, ಹೆಸರು ಮಾತ್ರ ಇಂದಿರಾದು ಅಂತ. ಕಾಲೇಜಿನಲ್ಲಿ ಹೀಗೇ ವಾದ ಮಾಡಿ ಗೆದ್ದಿದ್ದೇನೆ ಕೂಡ. ಆದರೆ ಆಮೇಲಿನದು ನೋಡಿ. 1979ರಲ್ಲಿ ಅರಸುಗೂ ಅವರಿಗೂ ಕೆಟ್ಟಿತು, ಅರಸು ಪಕ್ಷದಿಂದ ಹೊರಗೆ. 1980ರಲ್ಲಿ ಇಬ್ಬರೂ ಎದುರುಬದುರು. ಕರ್ನಾಟಕದಲ್ಲಿ 28ಕ್ಕೆ 27 ಇಂದಿರಾಗೆ. ಅರಸು ಪಕ್ಷಕ್ಕೆ ಒಂದೂ ಇಲ್ಲ. ಗದ್ದೆ ಕೊಟ್ಟವರನ್ನು ಗದ್ದೆ ತಗೊಂಡವರೇ ಕೈಬಿಟ್ಟರು. ಅಂದರೆ ಅಜ್ಜಿ ಲೆಕ್ಕವೇ ಸರಿ ಇತ್ತು, ನನ್ನದು ತಪ್ಪು. ಅವಳಿಗೆ ನಿಜವಾಗಿಯೂ ಕೊಟ್ಟವಳು ಇಂದಿರಮ್ಮ. ಅರಸು ನಡುವೆ ಬಂದ ಶಾನುಭೋಗ ಇದ್ದ ಹಾಗೆ.

ಆ ಸಲ ಇಂದಿರಾ ಚಿಕ್ಕಮಗಳೂರಿನಲ್ಲಿ ನಿಲ್ಲಲೂ ಇಲ್ಲ. ಉತ್ತರ ಪ್ರದೇಶದ ರಾಯ್ ಬರೇಲಿ ಮತ್ತು ಆಗಿನ ಆಂಧ್ರದ ಮೇದಕ್‌ನಲ್ಲಿ ನಿಂತರು, ಎರಡೂ ಗೆದ್ದರು, ಮೇದಕ್ ಇಟ್ಟುಕೊಂಡರು. ನಮಗೆ ಸಂಸದೆಯಾಗಿದ್ದು ಒಂದೂವರೆ ತಿಂಗಳೂ ಇಲ್ಲ. ಅಪ್ಪ ಆ ದಿನ 'ನೋಡಮ್ಮ, ಏಣಿ ಹತ್ತಿ ಒದ್ದಳು' ಅಂದರು. ಅಜ್ಜಿ ಏನೂ ಹೇಳದೆ ಚಿತ್ರದ ಗಾಜು ಒರೆಸಿದಳು. ಇನ್ನೊಂದು ತಮಾಷೆ, ಅವರ ವಿರುದ್ಧ ನಿಂತಿದ್ದ ವೀರೇಂದ್ರ ಪಾಟೀಲರು 1989ರಲ್ಲಿ ಅದೇ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಆದರು. ನಾವು ಮಾತ್ರ ಇನ್ನೂ ಇಲ್ಲಿ ಜಗಳ ಆಡುತ್ತಿದ್ದೇವೆ.

ಪುಟ್ಟ, ಆ ಫಾರ್ವರ್ಡ್ ಡಿಲೀಟ್ ಮಾಡು, ಇಲ್ಲ ಕೆಳಗೆ ಬೆಲ್ಚಿ ಅಂತ ಬರಿ. ಭಾವ, ಅಜ್ಜಿಯ ಗದ್ದೆ ಕಾಗದ ನನ್ನ ಹತ್ತಿರವೇ ಇದೆ, ಪ್ಲಾಸ್ಟಿಕ್ ಕವರಿನಲ್ಲಿ. ಭಾನುವಾರ ಬಂದರೆ ತೋರಿಸುತ್ತೇನೆ. ಕಟ್ಟು ಹಾಕಿದ ಚಿತ್ರವೂ ಇದೆ, ಮೂಲೆಯಲ್ಲಿ ಗೆದ್ದಲು ಹಿಡಿದಿದೆ. ಬರುವಾಗ ಆ ಕಡೆಯಿಂದ ಒಂದು ಕೆಜಿ ರವೆ ತನ್ನಿ, ಇಲ್ಲಿ ಚೆನ್ನಾಗಿರೋದು ಸಿಗುತ್ತಿಲ್ಲ.